ಆಟ ನೋಡಿಲ್ಲ, ಮಾತು ಮಾತ್ರ ಕೇಳಿದ್ದೀವಿ: ಇಂಗ್ಲಿಷಿನೊಳಗಿನ ಬೇಸ್‌ಬಾಲ್

"ಈ ಮಾಡ್ಯೂಲ್ ಮುಗಿಸೋಕೆ ಎಷ್ಟು ದಿನ ಬೇಕು? ಒಂದು ಬಾಲ್‌ಪಾರ್ಕ್ ಫಿಗರ್ ಹೇಳಿ." ಇಂಟರ್ನ್‌ಶಿಪ್‌ಗೆ ಹೋಗಿ ಬಂದವರಿಗೆ ಈ ಮಾತು ಹೊಸದಲ್ಲ. ಮೀಟಿಂಗ್ ಮುಗಿಯೋ ಹೊತ್ತಿಗೆ "ಸೋಮವಾರ ಟಚ್ ಬೇಸ್ ಮಾಡೋಣ" ಅಂತ ಇನ್ನೊಂದು ಬರುತ್ತೆ. ಎರಡೂ ಅಮೆರಿಕದ ಬೇಸ್‌ಬಾಲ್ ಮೈದಾನದಿಂದ ಬಂದ ಮಾತುಗಳು. ನಾವು ಕ್ರಿಕೆಟ್ ನೋಡಿ ಬೆಳೆದವರು. ಹಾಗಾಗಿ ಪದ ಗೊತ್ತಿದ್ರೂ ಅದರ ತೂಕ ಎಷ್ಟು ಅನ್ನೋದು ಗೊತ್ತಾಗಲ್ಲ.

ಮೊದಲು ಆಟದ ಬಗ್ಗೆ ಎರಡು ಮಾತು. ತಂಡಕ್ಕೆ 9 ಜನ. ವಜ್ರದ ಆಕಾರದ ಅಂಕಣ, ನಾಲ್ಕು ಮೂಲೆಗೆ ನಾಲ್ಕು ಬೇಸ್, ಒಂದರಿಂದ ಇನ್ನೊಂದಕ್ಕೆ 90 ಅಡಿ. ನಾಲ್ಕನೆಯದು ಹೋಮ್ ಪ್ಲೇಟ್. ಬ್ಯಾಟ್ ಮಾಡುವವನು ಅದರ ಪಕ್ಕ ನಿಲ್ತಾನೆ, ಪಿಚರ್ 60 ಅಡಿ 6 ಇಂಚು ದೂರದಿಂದ ಚೆಂಡು ಎಸೀತಾನೆ. ಹೊಡೆದವನು ಬೇಸ್‌ಗಳನ್ನು ಒಂದೊಂದಾಗಿ ಮುಟ್ಟಿ ಹೋಮ್‌ಗೆ ಬಂದ್ರೆ ಒಂದು ರನ್.

ಬಾಲ್‌ಪಾರ್ಕ್ ಅಂದ್ರೆ ಆ ಸ್ಟೇಡಿಯಂ. ಚೆಂಡು ಎಲ್ಲಿ ಬಿತ್ತು ಅಂತ ಕರಾರುವಾಕ್ಕಾಗಿ ಹೇಳಬೇಕಿಲ್ಲ, ಮೈದಾನದೊಳಗೆ ಇದ್ದರೆ ಸಾಕು. ಅಂದ್ರೆ ಅಂದಾಜು ಲೆಕ್ಕ. ಇದಕ್ಕೆ ಎರಡು ದಿನ ಕೂತು ಎಕ್ಸೆಲ್ ಶೀಟ್ ಮಾಡಬೇಡಿ. "ಎರಡರಿಂದ ಮೂರು ವಾರ" ಅನ್ನಿ, ಜೊತೆಗೆ ಅದು ಅಂದಾಜು ಅಂತ ಮೇಲ್‌ನಲ್ಲಿ ಬರೆದಿಡಿ.

ಟಚ್ ಬೇಸ್ ಅಂದ್ರೆ ಓಡುವಾಗ ಬೇಸನ್ನು ಮುಟ್ಟಿ ಮುಂದೆ ಹೋಗೋ ಹಾಗೆ ಚಿಕ್ಕದಾಗಿ ಒಂದು ಮಾತು. ಪ್ರೆಸೆಂಟೇಶನ್ ಬೇಕಾಗಿಲ್ಲ. ಸ್ಟೆಪ್ ಅಪ್ ಟು ದ ಪ್ಲೇಟ್ ಅಂದಾಗ ಮೆಸ್ಸಿನ ತಟ್ಟೆ ನೆನಪಾಗಬಾರದು. ಅದು ಹೋಮ್ ಪ್ಲೇಟ್, ಅಂದ್ರೆ ಮುಂದೆ ಬಂದು ಜವಾಬ್ದಾರಿ ತಗೋ ಅಂತ. ರೇನ್ ಚೆಕ್ ಅನ್ನೋದು ಮಳೆಯಿಂದ ಆಟ ನಿಂತಾಗ ಇನ್ನೊಂದು ದಿನ ಬರೋಕೆ ಕೊಡ್ತಿದ್ದ ಚೀಟಿ. ಯಾರಾದ್ರೂ ಊಟಕ್ಕೆ ಕರೆದಾಗ ಹಾಗೆ ಹೇಳಿದ್ರೆ "ಇವತ್ತು ಬೇಡ, ಇನ್ನೊಮ್ಮೆ" ಅಂತ ಅರ್ಥ.

ಕರ್ವ್‌ಬಾಲ್ ನಮಗೆ ಸುಲಭ. "ಎಕ್ಸಾಮಲ್ಲಿ ಗೂಗ್ಲಿ ಹಾಕಿದ್ರು" ಅಂತೀವಲ್ಲ, ಅದೇ. ಆದರೆ ಗೂಗ್ಲಿ ತಿರುಗೋದು ನೆಲಕ್ಕೆ ಬಿದ್ದ ಮೇಲೆ. ಕರ್ವ್‌ಬಾಲ್ ಗಾಳಿಯಲ್ಲೇ ಬಾಗುತ್ತೆ, ಮ್ಯಾಗ್ನಸ್ ಎಫೆಕ್ಟ್‌ನಿಂದ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರು ಪಕ್ಕದವರಿಗೆ ವಿವರಿಸಿ!

ನಿಜವಾಗಿ ದಾರಿ ತಪ್ಪಿಸೋ ಪದ ಸ್ಟ್ರೈಕ್. ಕ್ರಿಕೆಟ್‌ನಲ್ಲಿ ಸ್ಟ್ರೈಕ್‌ನಲ್ಲಿರೋದು ಅಂದ್ರೆ ಆಡುವ ಸರದಿ. ಬೇಸ್‌ಬಾಲ್‌ನಲ್ಲಿ ಅದು ಬ್ಯಾಟ್ ಮಾಡುವವನ ಹೆಸರಿಗೆ ಬೀಳೋ ತಪ್ಪು. ಬೀಸಿ ತಪ್ಪಿದರೆ ಒಂದು, ಹೊಡೆಯಬಹುದಾದ ಚೆಂಡನ್ನು ಬಿಟ್ಟರೂ ಒಂದು. ಮೂರಾದರೆ ಔಟ್.

ಈ ಲೆಕ್ಕ ಮಾತಿನಲ್ಲೇ ನಿಲ್ಲಲಿಲ್ಲ, ಕಾನೂನೂ ಆಯ್ತು. 1994ರಲ್ಲಿ ಕ್ಯಾಲಿಫೋರ್ನಿಯಾ "ಮೂರು ಸ್ಟ್ರೈಕ್" ಕಾನೂನು ತಂತು. ಹಿಂದೆ ಎರಡು ಗಂಭೀರ ಅಥವಾ ಹಿಂಸಾತ್ಮಕ ಅಪರಾಧಗಳಲ್ಲಿ ಶಿಕ್ಷೆಯಾದವನು ಮೂರನೇ ಸಲ ಸಿಕ್ಕಿಬಿದ್ದರೆ ಕನಿಷ್ಠ 25 ವರ್ಷ, ಗರಿಷ್ಠ ಜೀವಾವಧಿ. ಮೂರನೆಯದು ಕಳ್ಳತನವಾಗಿದ್ದರೂ ಆಗಬಹುದಿತ್ತು. ಹಾಗೆ ಮೂರು ಗಾಲ್ಫ್ ಕ್ಲಬ್ ಕದ್ದವನಿಗೆ ಈ ಶಿಕ್ಷೆ ಬಿತ್ತು. 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4 ಮತದಲ್ಲಿ ಅದನ್ನು ಎತ್ತಿಹಿಡೀತು. ಕೊನೆಗೆ 2012ರಲ್ಲಿ ಮತದಾರರೇ ಕಾನೂನನ್ನು ಸಡಿಲಿಸಿದರು. ಸಾಮಾನ್ಯವಾಗಿ ಮೂರನೇ ಅಪರಾಧವೂ ಗಂಭೀರ ಅಥವಾ ಹಿಂಸಾತ್ಮಕವೇ ಆಗಿರಬೇಕು ಅಂತ ಆಯ್ತು.

ಆಟದಲ್ಲಿ ಮೂರು ಸ್ಟ್ರೈಕ್ ಆದವನು ಹೋಗಿ ಬೆಂಚಿನ ಮೇಲೆ ಕೂರ್ತಾನೆ. ಸರದಿ ಸುತ್ತಿ ಬಂದಾಗ ಅದೇ ಪಂದ್ಯದಲ್ಲಿ ಮತ್ತೆ ಬ್ಯಾಟ್ ಹಿಡೀತಾನೆ. ಕಾನೂನು ಆಟದಿಂದ ಮೂರು ಅನ್ನೋ ಸಂಖ್ಯೆ ತಗೊಂಡಿತು, ಈ ಎರಡನೇ ಅವಕಾಶವನ್ನು ತಗೊಳ್ಳಲಿಲ್ಲ. ಕೇಳೋಕೆ ಚೆನ್ನಾಗಿರೋ ನುಡಿಗಟ್ಟು ವಾದದ ಜಾಗದಲ್ಲಿ ಕೂತರೆ ಹೀಗಾಗುತ್ತೆ.

ಹಾಗಾಗಿ ಮೀಟಿಂಗ್‌ನಲ್ಲಿ ಇಂಥ ಮಾತು ಕೇಳಿದಾಗ ಸುಮ್ಮನೆ ತಲೆ ಆಡಿಸಬೇಡಿ. "ಅಂದಾಜು ಸಾಕಾ, ಪಕ್ಕಾ ಬೇಕಾ?" ಅಂತ ನೇರವಾಗಿ ಕೇಳಿ. ಕೇಳಿದ್ದಕ್ಕೆ ಯಾರೂ ಸ್ಟ್ರೈಕ್ ಕೊಡಲ್ಲ.