ದನಿಗೆ ಯಾವ ವೇಷ? ಯಕ್ಷಗಾನ ಕಲಿಕೆಯಲ್ಲಿ ಹೆಣ್ಣು, ಗಂಡು ಮತ್ತು ಮಾತು

ಯಕ್ಷಗಾನದ ಪ್ರಸಂಗವೆಂದರೆ ಭಾಗವತರು ಹಾಡುವ ಪದ್ಯಗಳ ಸರಣಿ. ಆ ಪದ್ಯಗಳ ಬೆನ್ನಿಗೆ ಪಾತ್ರಧಾರಿಗಳು ಆಡುವ ಮಾತು, ಅಂದರೆ ‘ಅರ್ಥ’, ಅದರಲ್ಲಿ ಬರೆದಿರುವುದಿಲ್ಲವಾದ್ದರಿಂದ ರಂಗಕ್ಕೆ ಬಂದ ಪ್ರತಿಯೊಬ್ಬ ಕಲಾವಿದನೂ ನಾಟಕದ ದೊಡ್ಡ ಪಾಲನ್ನು ತಾನೇ ಕಟ್ಟಬೇಕಾಗುತ್ತದೆ. ಸಿದ್ಧಪಠ್ಯವನ್ನು ಬಾಯಿಪಾಠ ಮಾಡಿಸುವ ರಂಗಶಿಕ್ಷಣಕ್ಕೂ ಯಕ್ಷಗಾನದ ಕಲಿಕೆಗೂ ಇರುವ ಮುಖ್ಯ ಅಂತರ ಇದೇ. ಹೆಣ್ಣುಮಕ್ಕಳು ಗೆಜ್ಜೆ ಕಟ್ಟಿ ರಂಗಕ್ಕೇರುವುದು ಸಾಮಾನ್ಯವಾಗಿರುವ ಈ ಹೊತ್ತಿನಲ್ಲಿ, ಕಲಿಯುವವರಿಗೆ ಯಾವ ಪಾತ್ರ ಸಿಗುತ್ತದೆ, ಆ ಪಾತ್ರದೊಳಗೆ ಅವರು ಸ್ವಂತ ಬುದ್ಧಿಯಿಂದ ಎಷ್ಟು ಮಾತಾಡಬಹುದು ಎಂಬ ಪ್ರಶ್ನೆಗಳನ್ನು ಇನ್ನು ಮುಂದೂಡುವಂತಿಲ್ಲ.

ಹಳೆಯ ಮೇಳಗಳಲ್ಲಿ ಕಲಿಕೆಗೊಂದು ಕ್ರಮವಿತ್ತು. ಮೇಳ ಸೇರಿದ ಹುಡುಗ ಪೂರ್ವರಂಗದಲ್ಲಿ, ಅಂದರೆ ಕಥೆ ಶುರುವಾಗುವ ಮೊದಲಿನ ಹಾಡು-ಕುಣಿತಗಳ ಭಾಗದಲ್ಲಿ, ಮೊದಲು ಕೋಡಂಗಿಯಾಗಿ, ಬಳಿಕ ಬಾಲಗೋಪಾಲನಾಗಿ, ಆಮೇಲೆ ಸ್ತ್ರೀವೇಷವಾಗಿ ಕುಣಿದು, ಅಲ್ಲಿಂದ ಪುಂಡುವೇಷ ಅಂದರೆ ಎಳೆಯ ವೀರರ ಪಾತ್ರ, ರಾಜವೇಷಗಳ ಕಡೆಗೆ ಸಾಗುತ್ತಿದ್ದ. ಗಂಡುಮೆಟ್ಟಿನ ಕಲೆಯೆಂದು ಹೆಸರಾದ ಈ ರಂಗದಲ್ಲಿ ಮುಂದೆ ಭೀಮನೋ ಕರ್ಣನೋ ಆಗಬೇಕಾದವನು ಹದಿಹರೆಯದಲ್ಲಿ ಹೆಣ್ಣಿನ ನಡೆಯನ್ನು ಮೈಗೂಡಿಸಿಕೊಂಡೇ ಬರಬೇಕೆಂಬ ಈ ವ್ಯವಸ್ಥೆ ಶಿಕ್ಷಣದ ದೃಷ್ಟಿಯಿಂದ ಬಹಳ ಬೆಲೆಯುಳ್ಳದ್ದು. ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಕೊಳ್ಯೂರು ರಾಮಚಂದ್ರ ರಾವ್, ಉತ್ತರದ ಬಡಗುತಿಟ್ಟಿನಲ್ಲಿ ಕೋಟ ವೈಕುಂಠ ಅಂಥವರು ಸ್ತ್ರೀವೇಷದಲ್ಲೇ ದೊಡ್ಡ ಹೆಸರು ಮಾಡಿದರು.

ಸ್ತ್ರೀವೇಷವೂ ಒಂದೇ ಬಗೆಯದಲ್ಲ. ಸೀತೆ, ದಮಯಂತಿಯರು ಗರತಿ ಪಾತ್ರಗಳಾದರೆ, ಕಸೆ ಕಟ್ಟಿ ಆಯುಧ ಹಿಡಿಯುವ ಪ್ರಮೀಳೆ, ಮೀನಾಕ್ಷಿ, ಶಶಿಪ್ರಭೆಯರು ಕಸೆ ಸ್ತ್ರೀವೇಷದವರು. ಇನ್ನು ತೆಂಕುತಿಟ್ಟಿನಲ್ಲಿ ‘ಹೆಣ್ಣುಬಣ್ಣ’ವೆನಿಸಿಕೊಳ್ಳುವ ಶೂರ್ಪನಖಿ, ಅಜಮುಖಿಯರು ಮುಖದ ತುಂಬ ಬಣ್ಣ ಬರೆದುಕೊಂಡು, ಚೆಂಡೆಯ ಅಬ್ಬರಕ್ಕೆ ಸರಿಯಾಗಿ ಆರ್ಭಟಿಸುತ್ತ ಬರುತ್ತಾರೆ. ಎಂದಮೇಲೆ ಹೆಣ್ಣಿನ ದನಿಯೆಂದರೆ ತೆಳ್ಳನೆಯ, ಎಳೆದೆಳೆದು ಆಡುವ ದನಿಯೆಂಬ ರೂಢಿಗೆ ಪರಂಪರೆಯ ಆಧಾರ ಅರ್ಧ ಮಾತ್ರ ಇದೆ.

ಶಾಸ್ತ್ರವೂ ಇದನ್ನೇ ಇನ್ನೊಂದು ದಾರಿಯಿಂದ ಹೇಳುತ್ತದೆ. ಭರತನ ನಾಟ್ಯಶಾಸ್ತ್ರವು ನಟನಿಗೂ ಪಾತ್ರಕ್ಕೂ ಇರುವ ಹೊಂದಿಕೆಯನ್ನು ಮೂರು ‘ಪ್ರಕೃತಿ’ಗಳಾಗಿ ವಿಂಗಡಿಸಿ, ಲಿಂಗ ಮತ್ತು ವಯಸ್ಸು ಪಾತ್ರಕ್ಕೆ ಸರಿಹೊಂದಿದರೆ ಅನುರೂಪಾ, ಎಳೆಯನು ಮುದುಕನ ಪಾತ್ರ ಮಾಡಿದಂತೆ ವಯಸ್ಸು ಹೊಂದದಿದ್ದರೆ ವಿರೂಪಾ, ಗಂಡು ಹೆಣ್ಣಿನ ಭಾವವನ್ನು ತಾಳಿದರೆ ರೂಪಾನುರೂಪಾ ಎನ್ನುತ್ತದೆ, ಹೆಣ್ಣು ಗಂಡಿನ ಪಾತ್ರ ವಹಿಸುವುದಕ್ಕೂ ಅಲ್ಲಿ ಎಡೆಯಿದೆ. ದನಿಯ ವಿಚಾರಕ್ಕೆ ಬಂದರೆ ಎದೆ, ಕಂಠ, ಶಿರ ಎಂಬ ಮೂರು ಸ್ಥಾನಗಳನ್ನೂ, ಭಾವಕ್ಕೆ ತಕ್ಕಂತೆ ಸ್ವರವನ್ನು ಏರಿಳಿಸುವ ‘ಕಾಕು’ವನ್ನೂ, ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಲಂಬಿತವೆಂಬ ಆರು ಅಲಂಕಾರಗಳನ್ನೂ ವಿವರಿಸುತ್ತದೆ. ಎದೆಯಿಂದ ಹೊರಡುವ ಮಂದ್ರವು ಚಿಂತೆ, ದೈನ್ಯ, ನಿರ್ವೇದಗಳಿಗೆ ಸಲ್ಲುತ್ತದೆ. ಅದು ಗಂಡಸಿನ ಚಿಂತೆಯೋ ಹೆಂಗಸಿನದೋ ಎಂಬ ಭೇದ ಅಲ್ಲಿಲ್ಲ. ಆದರೆ ಅದೇ ಗ್ರಂಥ ಬೇರೊಂದೆಡೆ ಹಾಡು ಹೆಂಗಸರಿಗೆ, ಪಾಠ್ಯ ಅಂದರೆ ಮಾತು ಗಂಡಸರಿಗೆ ಸಹಜವಾದುದೆಂದು ಹೇಳಿಬಿಡುತ್ತದೆ, ಮತ್ತು ಇಂದಿನ ತರಗತಿಗಳು ತಿಳಿಯದೆಯೇ ಪಾಲಿಸುತ್ತಿರುವುದು ಈ ಎರಡನೆಯ ಮಾತನ್ನು.

1971ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕೇಂದ್ರ, ಕೆರೆಮನೆ ಶಂಭು ಹೆಗಡೆಯವರು ಗುಣವಂತೆಯಲ್ಲಿ ಕಟ್ಟಿದ ಶ್ರೀಮಯ ಕಲಾಕೇಂದ್ರ ಮೊದಲಾದವು ಕಲಿಕೆಯನ್ನು ಚೌಕಿಯಿಂದ, ಅಂದರೆ ಮೇಳದ ಬಣ್ಣದ ಮನೆಯಿಂದ, ಹೊರತಂದು ಪಾಠಕ್ರಮಕ್ಕೆ ಒಳಪಡಿಸಿದವು. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಅದನ್ನು ಪ್ರೌಢಶಾಲೆಗಳಿಗೆ ಒಯ್ದಿತು. ತೆಂಕಿನ ವೃತ್ತಿಮೇಳಗಳಲ್ಲಿ ಭಾಗವತಿಕೆ ಮಾಡಿದ ಮೊದಲ ಮಹಿಳೆ ಲೀಲಾವತಿ ಬೈಪಾಡಿತ್ತಾಯರು ಹಾಡುಗಾರಿಕೆಯ ಬಾಗಿಲನ್ನು ಎಂದೋ ತೆರೆದಿದ್ದಾರೆ. ತಾಳ, ಹೆಜ್ಜೆ, ಬಣ್ಣಗಾರಿಕೆಗಳನ್ನು ಹುಡುಗಿಯರು ಹುಡುಗರಷ್ಟೇ ಚೆನ್ನಾಗಿ ಕಲಿಯುತ್ತಾರೆ. ಹಿಂದುಳಿದಿರುವುದು ಅರ್ಥಗಾರಿಕೆ, ಪ್ರದರ್ಶನದ ದಿನ ಹತ್ತಿರವಾದಾಗ ಗುರುಗಳು ಬರೆದುಕೊಟ್ಟ ಮಾತನ್ನು ಮಕ್ಕಳು ಒಪ್ಪಿಸುವುದೇ ವಾಡಿಕೆಯಾದರೆ, ಈ ಕಲೆ ಕೊಡಬಹುದಾದ ಅತಿ ದೊಡ್ಡ ಸ್ವಾತಂತ್ರ್ಯವೇ ಅವರ ಕೈತಪ್ಪಿದಂತಾಗುತ್ತದೆ.

‘ಭೀಷ್ಮವಿಜಯ’ದ ಅಂಬೆಯನ್ನು ನೋಡಬಹುದು. ಸ್ವಯಂವರದಿಂದ ಭೀಷ್ಮ ಎಳೆದುತಂದ ಅವಳನ್ನು, ಅವಳು ಮೊದಲೇ ಮನಸ್ಸಿನಲ್ಲಿ ವರಿಸಿದ್ದ ಸಾಲ್ವ ಒಪ್ಪುವುದಿಲ್ಲ. ಮರಳಿ ಬಂದು ಭೀಷ್ಮನ ಎದುರು ನಿಂತಾಗ ಅವಳು ಬೇಡಿಕೊಳ್ಳುತ್ತಾಳೋ, ಲೆಕ್ಕ ಕೇಳುತ್ತಾಳೋ, ಅವನ ಬ್ರಹ್ಮಚರ್ಯದ ಶಪಥದ ಧರ್ಮ ದೊಡ್ಡದೋ ಕೈಹಿಡಿದು ರಥವೇರಿಸಿದ ಹೊಣೆ ದೊಡ್ಡದೋ ಎಂದು ವಾದಿಸುತ್ತಾಳೋ ಎಂಬುದನ್ನು ನಿರ್ಧರಿಸುವುದು ಅರ್ಥಧಾರಿಯೇ. ಪದ್ಯದ ಹಂದರವನ್ನಷ್ಟೇ ಕೊಟ್ಟು, ಒಂದು ದಿನ ಹುಡುಗಿ ಅಂಬೆಯಾಗಿ ಹುಡುಗ ಭೀಷ್ಮನಾಗಿ, ಮರುದಿನ ಅದಲುಬದಲಾಗಿ ಮಾತಾಡಿದರೆ, ಅಳುವಿಗಿಂತ ಮಂದ್ರದಲ್ಲಿ ಆಡಿದ ಪ್ರಶ್ನೆ ಹೆಚ್ಚು ಇರಿಯುತ್ತದೆಂಬುದು ಇಬ್ಬರಿಗೂ ತಿಳಿಯುತ್ತದೆ. ಇದಕ್ಕೆ ತಾಳಮದ್ದಳೆಗಿಂತ ಒಳ್ಳೆಯ ಪಾಠಶಾಲೆ ಬೇರಿಲ್ಲ: ವೇಷವೂ ಕುಣಿತವೂ ಇಲ್ಲದ ಆ ಕೂಟದಲ್ಲಿ ಮೀಸೆ ಹೊತ್ತ ಅರ್ಥಧಾರಿ ಶಾಲು ಹೊದ್ದು ಕುಳಿತಲ್ಲೇ, ದನಿಯನ್ನು ತೆಳುವಾಗಿಸದೆಯೇ ತಾರೆಯೋ ಮಂಡೋದರಿಯೋ ಆಗುತ್ತಾನೆ, ಸಭೆ ಆ ಮಾತಿನ ಬಲಕ್ಕೇ ಅದನ್ನು ನಂಬುತ್ತದೆ.

ಇನ್ನೊಂದು ತೊಡಕು ಶ್ರುತಿಯದು. ಯಕ್ಷಗಾನದಲ್ಲಿ ಆಡುವ ಮಾತೂ ಭಾಗವತರ ಶ್ರುತಿಗೆ ಹೊಂದಿರಬೇಕು, ಅದನ್ನು ಶ್ರುತಿಬದ್ಧ ಮಾತೆನ್ನುತ್ತಾರೆ. ವಯಸ್ಕ ಗಂಡಸಿನ ಗಂಟಲಿಗೆ ಗೊತ್ತುಮಾಡಿದ ಶ್ರುತಿ ಎಲ್ಲ ಹುಡುಗಿಯರಿಗೂ ಒಗ್ಗುವುದಿಲ್ಲ. ಪ್ರೌಢಶಾಲೆಯ ವಯಸ್ಸು ಹುಡುಗರ ದನಿ ಒಡೆಯುವ ವಯಸ್ಸೂ ಆದ್ದರಿಂದ ನಿನ್ನೆಯವರೆಗೆ ಸ್ತ್ರೀವೇಷ ಮಾಡುತ್ತಿದ್ದವನು ಇಂದು ಬಾಯಿಬಿಡಲು ನಾಚುತ್ತಾನೆ. ಅಂಥವನ ವೇಷ ಕಿತ್ತುಕೊಳ್ಳುವ ಬದಲು ಎದೆಯ ಸ್ಥಾನದಿಂದ ಅದೇ ಪಾತ್ರವನ್ನು ಆಡಿಸಿ ನೋಡಬೇಕು, ಕಲಿಯುವವರ ಗಂಟಲಿಗೆ ತಕ್ಕಂತೆ ಶ್ರುತಿಯನ್ನು ಬದಲಿಸಬೇಕು. ಶ್ರುತಿಪೆಟ್ಟಿಗೆಯಲ್ಲಿ ಅದು ಕ್ಷಣದ ಕೆಲಸವಾದರೂ ಹಿಮ್ಮೇಳಕ್ಕೆ ಆ ಶ್ರುತಿಗೆ ಹೊಂದುವ ಬೇರೆ ಮದ್ದಳೆ ಬೇಕಾಗುತ್ತದೆ. ಶಾಲೆಗಳಿಗೆ ವೇಷಭೂಷಣ ಕೊಡಿಸುವ ದಾನಿಗಳು ಈ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಒಳ್ಳೆಯದು.