ತಟ್ಟೆಯೋ ಫೈಲೋ, ನಾದ ಕೆಡುವುದು ಎಲ್ಲಿ?

ಅಮೆರಿಕದ ಮೊಬೈಲ್ ಫಿಡೆಲಿಟಿ ಸಂಸ್ಥೆಯ ಎಲ್‌ಪಿ ತಟ್ಟೆಗಳೆಂದರೆ ನಾದದ ಶುದ್ಧಿಗೆ ಪ್ರಾಣ ಬಿಡುವವರಿಗೆ ಅಚ್ಚುಮೆಚ್ಚು. ಮೂಲ ಟೇಪಿನಿಂದ ನೇರವಾಗಿ, ನಡುವೆ ಡಿಜಿಟಲ್ ಸೋಂಕಿಲ್ಲದೆ ಇಳಿದ ಸಂಗೀತವೆಂದು ನಂಬಿ ಜನ ದುಬಾರಿ ಬೆಲೆ ತೆರುತ್ತಿದ್ದರು. 2022ರ ಜುಲೈನಲ್ಲಿ ಸಂಸ್ಥೆಯ ಎಂಜಿನಿಯರುಗಳೇ ನಿಜ ಹೇಳಿದರು: ಎಷ್ಟೋ ತಟ್ಟೆಗಳಿಗೆ ಟೇಪನ್ನು ಮೊದಲು ಡಿಜಿಟಲ್ ಫೈಲಿಗೆ ಇಳಿಸಿ, ಆ ಫೈಲಿನಿಂದ ತಟ್ಟೆ ಕೊರೆಯಲಾಗಿತ್ತು. ಸುಮಾರು ಹತ್ತು ವರ್ಷ ಹೀಗೆ ನಡೆದಿತ್ತು. ಆ ತಟ್ಟೆಗಳ ‘ಅನಲಾಗ್ ಮಾಧುರ್ಯ’ವನ್ನು ಹೊಗಳಿದವರ ಕಿವಿಗೆ ಗುಟ್ಟು ತಿಳಿದಿರಲಿಲ್ಲ.

ಹಾಗೆಂದು ಅವರಿಗೆ ಕೇಳಿಸಿದ ಸೊಗಸು ಸುಳ್ಳಲ್ಲ. ಅದರ ಕಾರಣವನ್ನು ಮಾತ್ರ ತಪ್ಪು ಜಾಗದಲ್ಲಿ ಹುಡುಕಿದ್ದರು.

ಡಿಜಿಟಲ್ ಎಂದರೆ ನಾದದ ಅಲೆಯನ್ನು ಮೆಟ್ಟಿಲುಗಳಾಗಿ ತುಂಡರಿಸುವುದು, ನಡುವಿನದು ಕಳೆದೇಹೋಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಅದು ನಿಜವಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿರುತ್ತಾರೆ. ಅಲೆಯಲ್ಲಿರುವ ಅತಿ ಹೆಚ್ಚಿನ ಕಂಪನಾಂಕದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ, ಆ ಬಿಂದುಗಳ ಮೂಲಕ ಹಾಯಬಲ್ಲ ಅಲೆ ಒಂದೇ ಒಂದು. ಇದು ನೈಕ್ವಿಸ್ಟ್ ಮತ್ತು ಶಾನನ್ ಅವರ ಹೆಸರಿನಲ್ಲಿರುವ ಗಣಿತ ಪ್ರಮೇಯ. ನಮ್ಮ ಕಿವಿಯ ಮೇಲಿನ ಮಿತಿ ಎಳೆಯ ವಯಸ್ಸಿನಲ್ಲೂ ಸುಮಾರು 20,000 ಹರ್ಟ್ಸ್. ಹಾಗಾಗಿ ಪ್ಲೇಯರಿನಿಂದ ಹೊರಬರುವುದು ಮೆಟ್ಟಿಲಲ್ಲ, ನುಣುಪಾದ ಅಲೆ. ಅತಿ ಮೆಲು ದನಿಗೂ ಅತಿ ಜೋರು ದನಿಗೂ ನಡುವಿನ ಹರವು ಸಿ.ಡಿ.ಯಲ್ಲಿ ಸುಮಾರು 96 ಡೆಸಿಬೆಲ್; ಒಳ್ಳೆಯ ಎಲ್‌ಪಿ ತಲುಪುವುದು 70ರ ಆಸುಪಾಸಿಗೆ.

ತಟ್ಟೆಗೆ ಅದರದೇ ಕಟ್ಟುಪಾಡುಗಳಿವೆ. ತಗ್ಗು ಸ್ವರಗಳು ಎಡ, ಬಲಕ್ಕೆ ಹಂಚಿಹೋದರೆ ಮುಳ್ಳು ಗೀರಿನಿಂದ ಜಿಗಿಯಬಹುದು. ಅವನ್ನು ನಡುವಿಗೆ ತರಬೇಕು. ಹಾಡುಗಾರರ ‘ಸ’ಕಾರ, ‘ಶ’ಕಾರ ಹರಿತವಾಗಿದ್ದರೆ ಗೊರಗೊರ ಎನ್ನುತ್ತದೆ, ಮೊದಲೇ ತಗ್ಗಿಸಬೇಕು. ಸದ್ದು ಜೋರಾದಷ್ಟೂ ಗೀರು ಹೆಚ್ಚು ಜಾಗ ನುಂಗಿ, ಹಾಡಿನ ಅವಧಿ ಕುಗ್ಗುತ್ತದೆ. ಇದಕ್ಕೆಲ್ಲ ಹದ ಮಾಡುವ ಕೆಲಸವೇ ಮಾಸ್ಟರಿಂಗ್. ತಟ್ಟೆಗೆ ಒಂದು ಹದ, ಸಿ.ಡಿ.ಗೆ ಇನ್ನೊಂದು. ನಾವು ‘ತಟ್ಟೆಯ ದನಿ’ ಎಂದು ಪ್ರೀತಿಸುವುದರಲ್ಲಿ ಬಹುಪಾಲು ಈ ಎಂಜಿನಿಯರನ ಕೈಗುಣ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೇಯರ್ ಮತ್ತು ಮೊರಾನ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಬಲ ಕೊಡುತ್ತದೆ. ಸಿ.ಡಿ.ಗಿಂತ ಹೆಚ್ಚು ವಿವರ ಹಿಡಿಯುವ ಮುದ್ರಿಕೆಗಳನ್ನು ಒಮ್ಮೆ ಹಾಗೆಯೇ, ಒಮ್ಮೆ ಸಿ.ಡಿ. ಮಟ್ಟಕ್ಕೆ ಇಳಿಸಿ, ಯಾವುದು ಯಾವುದೆಂದು ಹೇಳದೆ ಕೇಳಿಸಿದರು. 554 ಪರೀಕ್ಷೆಗಳಲ್ಲಿ ಸರಿಯುತ್ತರ 276, ನಾಣ್ಯ ಚಿಮ್ಮಿದರೂ ಬರುವಷ್ಟು. ಆದರೂ ಆ ಮುದ್ರಿಕೆಗಳು ಸಾಮಾನ್ಯ ಸಿ.ಡಿ.ಗಳಿಗಿಂತ ಚೆನ್ನಾಗಿ ಕೇಳುತ್ತವೆ ಎಂದು ಅವರೇ ಬರೆದರು. ಕಾರಣ, ಅವನ್ನು ಹೆಚ್ಚು ಮುತುವರ್ಜಿಯಿಂದ ಸಿದ್ಧಪಡಿಸಿದ್ದರು.

ಎಂಪಿ3 ಡೌನ್‌ಲೋಡಿನ ಕಥೆ ಬೇರೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇದ್ದದ್ದನ್ನು ಅದು 128ಕ್ಕೆ ಇಳಿಸಬಲ್ಲದು. ಜೋರು ಸ್ವರದ ಮರೆಯಲ್ಲಿ ಪಕ್ಕದ ಮೆಲು ಸ್ವರ ಕಿವಿಗೆ ಬೀಳುವುದಿಲ್ಲವಾದ್ದರಿಂದ ಅಂಥವನ್ನು ಬಿಟ್ಟುಬಿಡುತ್ತದೆ. 128ರಲ್ಲಿ ತಾಳದ ತಟ್ಟು, ಚಪ್ಪಾಳೆ ಮಸುಕಾಗುವುದು ಕೇಳಿಸುವುದುಂಟು. 320ರಲ್ಲಿ ವ್ಯತ್ಯಾಸ ಹಿಡಿಯುವುದು ಪಳಗಿದ ಕಿವಿಗೂ ಕಷ್ಟ.

ಮನೆಯಲ್ಲಿ ಹೋಲಿಸಿ ನೋಡುವವರು ಸದ್ದಿನ ಮಟ್ಟವನ್ನು ಮೊದಲು ಸಮ ಮಾಡಿಕೊಳ್ಳಬೇಕು. ಒಂದು ಡೆಸಿಬೆಲ್‌ನಷ್ಟು ಜೋರಿದ್ದರೂ ಮನಸ್ಸು ಅದನ್ನೇ ‘ಚೆನ್ನಾಗಿದೆ’ ಎನ್ನುತ್ತದೆ. ಈ ದೌರ್ಬಲ್ಯವನ್ನು ನೆಚ್ಚಿಯೇ ಸಂಗೀತೋದ್ಯಮ ವರ್ಷಗಟ್ಟಲೆ ಹಾಡುಗಳನ್ನು ಹಿಂಡಿ ಜೋರು ಮಾಡಿತು. ಇದು ಸಂಗೀತಕ್ಕೆ ಬಗೆದ ಅನ್ಯಾಯ. ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಸಿ.ಡಿ. 2008ರಲ್ಲಿ ಬಂದಾಗ ದನಿ ಒಡೆದು ಕೇಳುತ್ತಿತ್ತು. ಸರಿಪಡಿಸಿ ಕೊಡಿ ಎಂದು ಸಾವಿರಾರು ಅಭಿಮಾನಿಗಳು ಮನವಿಗೆ ಸಹಿ ಹಾಕಿದರು. ಅಷ್ಟು ಹಿಂಡದ, ಏರಿಳಿತ ಉಳಿಸಿಕೊಂಡ ಆವೃತ್ತಿ 2015ರಲ್ಲಿ ಬಂತು, ಐಟ್ಯೂನ್ಸ್ ಡೌನ್‌ಲೋಡ್ ಆಗಿ.