ಚಕ್ರದ ನಟ್ ಎಷ್ಟು ಟೈಟ್ ಇರಬೇಕು? ಕಮ್ಮಿಯಾದ್ರೂ ಅಪಾಯ, ಜಾಸ್ತಿಯಾದ್ರೂ ಅಪಾಯ: ಮನೆಯಲ್ಲೇ ನೋಡ್ಕೊಳ್ಳೋದು ಹೀಗೆ

ಚನ್ನಗಿರಿ / ಹೊನ್ನಾಳಿ / ನ್ಯಾಮತಿ / ಜಗಳೂರು: ಅಡಿಕೆಗೋ ಮೆಕ್ಕೆಜೋಳಕ್ಕೋ ಒಳ್ಳೆ ರೇಟು ಸಿಕ್ಕ ವರ್ಷ ಮನೆ ಮುಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಬಂದು ನಿಲ್ಲೋದು ನಮ್ಮ ಕಡೆ ಈಗ ಮಾಮೂಲು. ಹುಡುಗರಿಗೆ ಸ್ವಿಫ್ಟ್, ಪೋಲೊ ಜಿಟಿ ತರಹದ ಜೋರಾಗಿ ಓಡುವ ಗಾಡಿಗಳ ಮೇಲೇ ಕಣ್ಣು. ಗಾಡಿ ಬಂದ ವಾರದೊಳಗೆ ಅಲಾಯ್ ವೀಲ್, ಅಗಲದ ಟೈರು, ಸ್ಟಿಕ್ಕರ್, ಮ್ಯೂಸಿಕ್ ಸಿಸ್ಟಮ್ ಎಲ್ಲಾ ಆಗುತ್ತೆ. ಆದರೆ ಆ ಚಕ್ರವನ್ನು ಹಿಡಿದಿಟ್ಟಿರುವ ನಾಲ್ಕೋ ಐದೋ ನಟ್ ಎಷ್ಟು ಬಿಗಿಯಾಗಿದೆ ಅಂತ ಕೇಳಿದರೆ, "ಅಂಗಡೀಲಿ ಟೈಟ್ ಮಾಡಿದಾರೆ ಬಿಡಿ" ಅನ್ನೋದೇ ಉತ್ತರ.

ಎಷ್ಟು ಟೈಟ್? ಆ ಲೆಕ್ಕ ಬಹಳ ಜನಕ್ಕೆ ಗೊತ್ತಿಲ್ಲ. ಸಡಿಲ ಇದ್ದರೆ ಚಕ್ರ ಕಳಚಬಹುದು ಅಂತ ಎಲ್ಲರಿಗೂ ಗೊತ್ತು. ಮೈಯೆಲ್ಲ ಬಲ ಹಾಕಿ ಅತಿಯಾಗಿ ಬಿಗಿದರೂ ಅಷ್ಟೇ ಕೇಡು ಅನ್ನೋದು ಮಾತ್ರ ತಿಳಿದಿರೋದು ಕೆಲವರಿಗೆ.

ಬೋಲ್ಟ್ ಅಂದ್ರೆ ಒಂದು ಸ್ಪ್ರಿಂಗ್

ನಟ್ ತಿರುಗಿಸಿದಾಗ ಬೋಲ್ಟ್ ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಮಾಣದಲ್ಲಿ ಉದ್ದವಾಗುತ್ತದೆ. ಎಳೆದ ರಬ್ಬರ್ ಬ್ಯಾಂಡಿನ ಹಾಗೆ ಅದು ವಾಪಸ್ ಬರಲು ನೋಡುತ್ತದೆ. ಆ ಸೆಳೆತವೇ ಚಕ್ರವನ್ನು ಹಬ್‌ಗೆ ಒತ್ತಿ ಹಿಡಿಯುವುದು. 12 ಮಿ.ಮೀ. ದಪ್ಪದ ಬೋಲ್ಟಿಗೆ 100 ನ್ಯೂಟನ್ ಮೀಟರ್ ಬಿಗಿ ಕೊಟ್ಟರೆ ಸುಮಾರು 4 ಟನ್ ಒತ್ತಡ ಹುಟ್ಟುತ್ತದೆ. ನಾಲ್ಕು ಬೋಲ್ಟಿಗೆ ಲೆಕ್ಕ ಹಾಕಿ, ಹತ್ತಿರ ಹತ್ತಿರ 16 ಟನ್.

ಬಿಗಿ ಕಮ್ಮಿಯಾದರೆ ಚಕ್ರ ಒಂದೊಂದು ಸುತ್ತಿಗೂ ಒಂಚೂರು ಅಲುಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವ ಹಾಗೆ ಬೋಲ್ಟ್ ದಣಿದು ತುಂಡಾಗುತ್ತದೆ. ಒಂದು ತುಂಡಾದರೆ ಉಳಿದವುಗಳ ಮೇಲೆ ಭಾರ ಹೆಚ್ಚಾಗಿ ಅವೂ ಬೇಗ ಹೋಗುತ್ತವೆ.

ಬಿಗಿ ಜಾಸ್ತಿಯಾದರೆ ಬೋಲ್ಟ್ ತನ್ನ ಮಿತಿ ಮೀರಿ ಎಳೆದುಕೊಂಡು ಸ್ಪ್ರಿಂಗ್ ಗುಣ ಕಳೆದುಕೊಳ್ಳುತ್ತದೆ. ಥ್ರೆಡ್ ಹೋಗುತ್ತೆ, ಅಲಾಯ್ ವೀಲಿನಲ್ಲಿ ನಟ್ ಕೂರುವ ಜಾಗ ಬಿರುಕು ಬಿಡಬಹುದು. ಒಂದು ನಟ್ ಹೆಚ್ಚು, ಇನ್ನೊಂದು ಕಮ್ಮಿ ಆದರೆ ಬ್ರೇಕ್ ಡಿಸ್ಕ್ ಸೊಟ್ಟಗಾಗಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ರಾತ್ರಿ ದಾರಿಯಲ್ಲಿ ಪಂಕ್ಚರ್ ಆದರೆ ಗಾಡಿ ಜೊತೆ ಕೊಟ್ಟ ಸ್ಪ್ಯಾನರಿನಲ್ಲಿ ಆ ನಟ್ ಬಿಚ್ಚೋದಕ್ಕೇ ಆಗಲ್ಲ.

ನ್ಯೂಟನ್ ಮೀಟರ್ ಅಂದ್ರೇನು?

ಸರಳ ಲೆಕ್ಕ. ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 40 ಕೆ.ಜಿ. ಭಾರ ಹಾಕಿದರೆ ಸುಮಾರು 100 ನ್ಯೂಟನ್ ಮೀಟರ್. ಈಗ 70 ಕೆ.ಜಿ. ತೂಕದ ಮನುಷ್ಯ ಒಂದಡಿ ಉದ್ದದ ಸ್ಪ್ಯಾನರ್ ಮೇಲೆ ಹತ್ತಿ ನಿಂತ ಅಂದ್ಕೊಳ್ಳಿ. 200 ದಾಟಿತು! ಬೇಕಾದ್ದಕ್ಕಿಂತ ಎರಡು ಪಟ್ಟು. ಅದಕ್ಕೆ ಪೈಪ್ ಸಿಕ್ಕಿಸಿ ಒತ್ತಿದರೆ ಇನ್ನೂ ಮೇಲೆ.

ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ 85ರಿಂದ 110 ನ್ಯೂಟನ್ ಮೀಟರ್ ಸಾಕು. ಫೋಕ್ಸ್‌ವ್ಯಾಗನ್ ಪೋಲೊಗೆ 120. ಸರಕು ಗಾಡಿಗಳ ಲೆಕ್ಕವೇ ಬೇರೆ. ನಿಮ್ಮ ಗಾಡಿಯ ನಿಖರ ಅಂಕಿ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಸೆಕೆಂಡ್ ಹ್ಯಾಂಡ್ ಗಾಡಿ ಜೊತೆ ಆ ಪುಸ್ತಕ ಬಂದಿಲ್ಲ ಅಂದ್ರೆ ಕಂಪನಿ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕೇಳಿ, ಬಾಗಿಲ ಒಳಗೆ ಒಂದು ಚೀಟಿ ಬರೆದು ಅಂಟಿಸಿ.

ಮನೆಯಲ್ಲಿ ಮಾಡುವ ಕ್ರಮ

ಇದಕ್ಕೆ ಬೇಕಾದ್ದು ಟಾರ್ಕ್ ರೆಂಚ್. ಬೇಕಾದ ಅಂಕಿಗೆ ಸೆಟ್ ಮಾಡಿದರೆ ಅಷ್ಟು ಬಿಗಿ ಬಂದ ಕೂಡಲೇ 'ಟಕ್' ಅನ್ನುತ್ತೆ. ಎರಡು ಮೂರು ಸಾವಿರ ರೂಪಾಯಿಗೆ ಸಾಧಾರಣದ್ದು ಸಿಗುತ್ತದೆ. ಓಣಿಯ ನಾಲ್ಕು ಮನೆಯವರು ಸೇರಿ ಒಂದು ತಗೊಂಡರೂ ನಡೆಯುತ್ತೆ.

1. ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಹಾಕಿ. ದೂರ ಓಡಿಸಿ ಬಂದಿದ್ದರೆ ಚಕ್ರ ತಣ್ಣಗಾಗಲಿ.

2. ಚಕ್ರ ಬಿಚ್ಚಿದ್ದರೆ ಹಬ್ ಮತ್ತು ಚಕ್ರ ಕೂಡುವ ಜಾಗದ ತುಕ್ಕು, ಮಣ್ಣು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ನಡುವೆ ಮಣ್ಣು ಸಿಕ್ಕಿಕೊಂಡರೆ ಈವತ್ತು ಬಿಗಿ ಇದ್ದಂಗೆ ಕಾಣುತ್ತೆ. ನಾಳೆ ಆ ಮಣ್ಣು ಪುಡಿಯಾಗಿ ಉದುರಿದಾಗ ನಟ್ ಸಡಿಲ.

3. ಥ್ರೆಡ್‌ಗೆ ಎಣ್ಣೆ, ಗ್ರೀಸ್ ಬೇಡ. ನಾವು ಹಾಕುವ ಬಲದಲ್ಲಿ ಬಹುಪಾಲು ಉಜ್ಜಾಟಕ್ಕೇ ಹೋಗುತ್ತದೆ. ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆಯುತ್ತದೆ. ಎಣ್ಣೆ ಹಾಕಿದರೆ ಉಜ್ಜಾಟ ತಗ್ಗಿ, ಅದೇ ಅಂಕಿಗೆ ಬೋಲ್ಟ್ ಮೂರನೇ ಒಂದು ಭಾಗ ಹೆಚ್ಚು ಎಳೆದುಕೊಳ್ಳಬಹುದು.

4. ನಟ್ಟನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ಒಂದರ ಪಕ್ಕ ಇನ್ನೊಂದು ಬಿಗಿಯಬೇಡಿ, ಎದುರುಬದುರು ಬಿಗಿಯಿರಿ. ಐದು ನಟ್ ಇದ್ದರೆ ನಕ್ಷತ್ರ ಬರೆಯುವ ಹಾಗೆ ಒಂದು ಬಿಟ್ಟು ಒಂದು.

5. ಜ್ಯಾಕ್ ಇಳಿಸಿ, ಚಕ್ರ ನೆಲ ಮುಟ್ಟಿದ ಮೇಲೆ ಟಾರ್ಕ್ ರೆಂಚಿನಿಂದ ನಿಧಾನವಾಗಿ ಎಳೆಯಿರಿ. ಮೊದಲ 'ಟಕ್'ಗೆ ನಿಲ್ಲಿಸಿ. "ಇನ್ನೊಂದ್ಸಲ ಇರಲಿ" ಅಂತ ಎಳೆದರೆ ಲೆಕ್ಕ ತಪ್ಪಿತು.

6. ಕೆಲಸ ಮುಗಿದ ಮೇಲೆ ರೆಂಚನ್ನು ಕೆಳಗಿನ ಅಂಕಿಗೆ ಇಳಿಸಿ ಇಡಿ. ಅದರಿಂದ ನಟ್ ಬಿಚ್ಚಬೇಡಿ, ಬಿಚ್ಚೋದಕ್ಕೆ ಬೇರೆ ಸ್ಪ್ಯಾನರ್ ಇರಲಿ.

ಬರೀ ಚೆಕ್ ಮಾಡುವಾಗ ಒಂದು ಮಾತು ನೆನಪಿಡಿ. ನಟ್ ಅಲುಗದೆ 'ಟಕ್' ಅಂದರೆ "ಕನಿಷ್ಠ ಇಷ್ಟು ಬಿಗಿ ಇದೆ" ಅಂತ ಮಾತ್ರ ಅರ್ಥ. ಎರಡು ಪಟ್ಟು ಇದ್ದರೂ ಅದು 'ಟಕ್' ಅನ್ನುತ್ತೆ. ಅನುಮಾನ ಇದ್ದರೆ ಗಾಡಿ ನೆಲದ ಮೇಲಿರುವಾಗಲೇ ಒಂದೊಂದೇ ನಟ್ ಸಡಿಲಿಸಿ ಮತ್ತೆ ಸರಿಯಾದ ಅಂಕಿಗೆ ಬಿಗಿಯಿರಿ.

ದಾವಣಗೆರೆಗೆ ಒಂದ್ಸಲ ಹೋಗಿ ಬನ್ನಿ, ಮತ್ತೆ ನೋಡಿ

ಹೊಸದಾಗಿ ಚಕ್ರ ಹಾಕಿಸಿದಾಗ ಪೇಂಟ್, ಧೂಳು, ಲೋಹ ಎಲ್ಲ ಒತ್ತಿಕೊಂಡು ಕೂರುವುದಕ್ಕೆ ಸ್ವಲ್ಪ ಓಡಾಟ ಬೇಕು. ಆದ್ದರಿಂದ 80ರಿಂದ 100 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಚೆಕ್ ಮಾಡಲೇಬೇಕು. ನಮ್ಮ ನಾಲ್ಕೂ ತಾಲ್ಲೂಕಿನವರಿಗೆ ಇದು ಸುಲಭದ ಲೆಕ್ಕ: ಜಿಲ್ಲಾ ಕೇಂದ್ರಕ್ಕೆ ಒಂದು ಸಲ ಹೋಗಿ ಬಂದರೆ ಹೆಚ್ಚು ಕಮ್ಮಿ ಅಷ್ಟೇ ದೂರ. ಬಂದ ಮೇಲೆ ಗಾಡಿ ತಣ್ಣಗಾಗಲಿ, ಐದೇ ನಿಮಿಷದ ಕೆಲಸ. ಆಮೇಲೆ ತಿಂಗಳಿಗೊಮ್ಮೆ ಗಾಳಿ ನೋಡುವ ದಿನವೇ ನಟ್ಟನ್ನೂ ನೋಡಿದರೆ ಸಾಕು.

ರೇಸಿನವರೂ ಇದನ್ನು ಬಿಡಲ್ಲ. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿಯೇ ನಡೆದಿದೆ. ಅಂಥ ರ್‍ಯಾಲಿಗಳಲ್ಲಿ ಗಾಡಿ ಸರ್ವಿಸ್ ಜಾಗಕ್ಕೆ ಬಂದಾಗ ಚಕ್ರದ ಬಿಗಿ ನೋಡದೆ ಮೆಕ್ಯಾನಿಕ್‌ಗಳು ಕಳಿಸುವುದಿಲ್ಲ. 2013ರ ಜರ್ಮನಿಯ ಫಾರ್ಮುಲಾ ಒನ್ ರೇಸಿನಲ್ಲಿ ಮಾರ್ಕ್ ವೆಬ್ಬರ್ ಅವರ ಕಾರಿನ ಚಕ್ರ ಸರಿಯಾಗಿ ಕೂರದೆ ಕಳಚಿ ಹೋಗಿ ಒಬ್ಬ ಕ್ಯಾಮೆರಾಮನ್‌ಗೆ ಬಡಿದು ಗಾಯವಾಯಿತು. ಕೋಟಿಗಟ್ಟಲೆ ಖರ್ಚು ಮಾಡುವ ತಂಡಕ್ಕೇ ಹಾಗಾದರೆ, ಸಂತೆ ದಿನ ಜನ ತುಂಬಿರುವ ನಮ್ಮ ರಸ್ತೆಯಲ್ಲಿ ಏನು ಗತಿ?

ಅಲಾಯ್ ಹಾಕಿಸಿದವರು ಗಮನಿಸಿ

ನಟ್ಟಿನ ತಳ ಕೆಲವಕ್ಕೆ ಗೋಪುರದಂತೆ ಚೂಪು, ಕೆಲವಕ್ಕೆ ಗುಂಡಗೆ. ಚಕ್ರದ ರಂಧ್ರದ ಆಕಾರಕ್ಕೆ ಅದು ಹೊಂದಲೇಬೇಕು. ಹೊಂದದಿದ್ದರೆ ಎಷ್ಟೇ ಬಿಗಿದರೂ ಒಂದೆರಡು ಕಡೆ ಮಾತ್ರ ತಾಗಿ, ದಿನ ಕಳೆದಂತೆ ಸಡಿಲವಾಗುತ್ತದೆ. ಹಳೇ ಕಬ್ಬಿಣದ ಚಕ್ರದ ನಟ್ಟನ್ನೇ ಹೊಸ ಅಲಾಯ್‌ಗೆ ಹಾಕಿದಾರಾ ಅಂತ ಕೇಳಿ. ಅಲಾಯ್ ದಪ್ಪ ಇದ್ದರೆ ಬೋಲ್ಟ್ ಒಳಗೆ ಹಿಡಿಯುವ ಉದ್ದ ಕಮ್ಮಿಯಾಗುತ್ತೆ. 12 ಮಿ.ಮೀ. ಬೋಲ್ಟಿಗೆ ಕನಿಷ್ಠ ಎಂಟು ಸುತ್ತಾದರೂ ನಟ್ ಹಿಡಿಯಬೇಕು. ಚಕ್ರದ ನಡುವಿನ ತೂತು ಹಬ್‌ಗಿಂತ ದೊಡ್ಡದಿದ್ದರೆ ಮಧ್ಯೆ ಹಾಕುವ ರಿಂಗ್ ಕೇಳಿ ಹಾಕಿಸಿ.

ಮುಟ್ಟಬಹುದಾದ್ದು, ಮುಟ್ಟಬಾರದ್ದು

ಆಯಿಲ್ ಡ್ರೈನ್ ಬೋಲ್ಟನ್ನು ಕೈಬಲ ನಂಬಿ ಬಿಗಿದು ಅಲ್ಯೂಮಿನಿಯಂ ಸಂಪಿನ ಥ್ರೆಡ್ ಹಾಳು ಮಾಡಿಕೊಳ್ಳೋದು ಮನೆ ಸರ್ವಿಸಿನ ಸಾಮಾನ್ಯ ತಪ್ಪು. ಚಕ್ರದ ಬಿಗಿಯ ಮೂರನೇ ಒಂದು ಭಾಗದಷ್ಟೇ ಹಲವು ಕಾರುಗಳಲ್ಲಿ ಇದಕ್ಕೆ ಸಾಕು. ಪ್ರತಿ ಸಲ ಹೊಸ ವಾಷರ್ ಹಾಕಿ. ಸ್ಪಾರ್ಕ್ ಪ್ಲಗ್ಗನ್ನು ಇಂಜಿನ್ ತಣ್ಣಗಿದ್ದಾಗ ಮಾತ್ರ ಬಿಚ್ಚಿ.

ಸಿಲಿಂಡರ್ ಹೆಡ್ ಬೋಲ್ಟ್, ಸಸ್ಪೆನ್ಷನ್, ಬ್ರೇಕ್ ಕ್ಯಾಲಿಪರ್ ಕೆಲಸ ಮೆಕ್ಯಾನಿಕ್‌ಗೇ ಬಿಡಿ. ಇವುಗಳಲ್ಲಿ ಕೆಲವು ಬೋಲ್ಟ್‌ಗಳು ಒಂದೇ ಸಲಕ್ಕೆ. ಬಿಚ್ಚಿದರೆ ಹೊಸದೇ ಹಾಕಬೇಕು. ಇನ್ನು ಜ್ಯಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ನುಗ್ಗುವುದು ಖಂಡಿತ ಬೇಡ. ಜ್ಯಾಕ್ ಇರೋದು ಎತ್ತೋದಕ್ಕೆ. ಭಾರ ಹೊರೋದಕ್ಕೆ ಸ್ಟ್ಯಾಂಡ್ ಬೇಕು. ಇಟ್ಟಿಗೆ, ಕಲ್ಲು ಸಾಲದು.

ಅಂಗಡಿಯವರಿಗೆ, ಸರಕು ಗಾಡಿಯವರಿಗೆ

ದಿನಾ ಮಾಲು ಹೇರುವ ಟಾಟಾ ಏಸ್, ಪಿಕಪ್‌ಗಳ ಚಕ್ರಕ್ಕೆ ಭಾರ ಜಾಸ್ತಿ, ಹಂಪ್ ಜಾಸ್ತಿ. ಇಲ್ಲಿ ಹತ್ತು ರೂಪಾಯಿಯ ಉಪಾಯ ಇದೆ: ನಟ್ ಸರಿಯಾಗಿ ಬಿಗಿದ ಮೇಲೆ ನಟ್ಟಿನಿಂದ ಚಕ್ರದವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೀಟು ಎಳೆಯಿರಿ. ಉಗುರು ಬಣ್ಣವೂ ಆಗುತ್ತೆ. ಬೆಳಿಗ್ಗೆ ಮಾಲು ತುಂಬುವ ಮುಂಚೆ ಒಂದು ಸುತ್ತು ಬಂದು ನೋಡಿ. ಗೀಟು ಜೋಡಿ ತಪ್ಪಿದ್ದರೆ ನಟ್ ತಿರುಗಿದೆ ಅಂತಲೇ ಅರ್ಥ.

ಟೈರ್ ಅಂಗಡಿ ಇಟ್ಟವರು ಗನ್ನಿನಿಂದ ಬಿಗಿದ ಮೇಲೆ ಗಿರಾಕಿ ಎದುರೇ ಟಾರ್ಕ್ ರೆಂಚ್ ಹಾಕಿ 'ಟಕ್' ಅನ್ನಿಸಿ, "ನಾಳೆ ನಾಡಿದ್ದು ಬನ್ನಿ, ಇನ್ನೊಮ್ಮೆ ನೋಡ್ತೀನಿ" ಅಂದರೆ ಆ ಗಿರಾಕಿ ಬೇರೆ ಅಂಗಡಿಗೆ ಹೋಗಲ್ಲ.

ಓಡಿಸುವಾಗ ಚಕ್ರದ ಕಡೆಯಿಂದ ಟಕಟಕ ಸದ್ದು, ಸ್ಟೀರಿಂಗ್ ಇದ್ದಕ್ಕಿದ್ದಂತೆ ಅಲುಗಾಟ, ನಟ್ಟಿನ ಸುತ್ತ ತುಕ್ಕಿನ ಗೆರೆ ಕಂಡರೆ ಮನೆವರೆಗೆ ಹೋಗಿ ನೋಡೋಣ ಅನ್ನಬೇಡಿ. ಅಲ್ಲೇ ಪಕ್ಕಕ್ಕೆ ಹಾಕಿ, ಇಳಿದು ನೋಡಿ.